ಆರನೇ ಮತ್ತು ಏಳನೇ ಪಕ್ಕೆಲುಬಿನ ನಡುವೆ

ಜಪಾನಿನ ಇವಾತೆಯ ಕಸಾಯಿಖಾನೆಯಲ್ಲಿ ಇಪ್ಪತ್ತೇಳು ವರ್ಷ ಮಾಂಸಕ್ಕೆ ದರ್ಜೆ ಕೊಟ್ಟವಳು ಚಿದಾ ಕಿಯೊಮಿ. ಆ ಬೆಳಿಗ್ಗೆ ಮೊದಲ ಸಲ ತನ್ನ ಕಣ್ಣನ್ನೇ ಅವಳು ನಂಬಲಿಲ್ಲ. ಆರನೇ ಮತ್ತು ಏಳನೇ ಪಕ್ಕೆಲುಬಿನ ನಡುವೆ ಕೊಯ್ದ ಜಾಗದಲ್ಲಿ ಟಾರ್ಚು ಬಿಟ್ಟು ನೋಡುವುದು ಅವಳ ಕೆಲಸ. ಮಾಂಸಕ್ಕೆಂದೇ ಸಾಕುವ ಕರಿ ತಳಿಯದಾದರೆ ಕೆಂಪಿನ ತುಂಬ ಬಿಳಿ ಕೊಬ್ಬು ಇಬ್ಬನಿಯ ಹಾಗೆ ಹರಡಿರುತ್ತದೆ. ಹಾಲು ಕೊಟ್ಟು ಮುದಿಯಾದ ಹಸುವಾದರೆ ಬರೀ ಕಡುಗೆಂಪು ಮಾಂಸ, ಅಂಚಿಗೆ ಹಳದಿ ಕೊಬ್ಬು. ಇದರಲ್ಲಿ ಎರಡು ಮಾತಿಲ್ಲ.

ಈಗ ರೈತ ಕಿಕುಚಿ ಶಿಗೆನೊಬುವಿನ ಎರಡು ಪ್ರಾಣಿ ಪಕ್ಕಪಕ್ಕ ತೂಗುತ್ತಿದ್ದವು. ಒಂದು ಸ್ಪರ್ಧೆಗೆ ಕಳಿಸಿದ ಕರಿ ಹೋರಿ, ಇನ್ನೊಂದು ಹಾಲು ಬತ್ತಿದ ಹಸು. ಇಬ್ಬನಿ ಬಿದ್ದದ್ದು ಹಸುವಿನೊಳಗೆ. ಹೋರಿಯಲ್ಲಿ ಹುಡುಕಿದರೂ ಒಂದು ಬಿಳಿ ಗೆರೆ ಇರಲಿಲ್ಲ.

"ಹಾಲಿನ ತಳಿ ಕರೂಗೆ ಕರಿ ತಳಿ ಅಂತ ಹೆಸರಿಟ್ಟು ತಂದಿದಾನೆ ಮುದುಕ," ಅಂದ ಜೊತೆಗಾರ ಓಯಿಕಾವಾ. "ಮೋಸ ಅಂತ ಬರೆದುಬಿಡಿ, ಚಿದಾ-ಸಾನ್. ಸ್ಪರ್ಧೆ ಪಟ್ಟಿಯಿಂದ ಹೆಸರು ಹೋಗ್ಲಿ."

"ಕರುವಾಗಿದ್ದಾಗ ತೆಗೆದ ಮೂಗಿನ ಅಚ್ಚು ನಾನೇ ತಾಳೆ ನೋಡಿದೀನಿ. ಹೋರಿ ಅಪ್ಪಟ ಕರಿ ತಳೀನೇ. ಅದಿರಲಿ, ಈ ಹಸೂಗೆ ಏನಂತೀಯ?"

ಕಿಯೊಮಿ ಹೊರಗೆ ಬಂದಳು. ಶಿಗೆನೊಬು ಬೆಂಚಿನ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ.

"ಅಜ್ಜ, ಇದ್ದದ್ದು ಹೇಳಿ. ಇಲ್ಲದಿದ್ರೆ ನಿಮ್ಮ ಹೆಸರು ಉಳಿಯಲ್ಲ."

"ಆ ಹೋರಿ ಆ ಹಸು ಹೊಟ್ಟೇಲೇ ಹುಟ್ಟಿದ್ದು," ಅಂದ ಶಿಗೆನೊಬು. "ಕರಿ ತಳಿ ಭ್ರೂಣ, ಡಾಕ್ಟ್ರು ಇಟ್ಟಿದ್ದು. ನಾವೆಲ್ಲ ಹಾಗೇ ಮಾಡ್ತೀವಲ್ಲ. ಇವನಿಗಿಂತ ಮುಂಚೆ ಮೂರು ಹೆತ್ತಿದ್ಳು. ಮೂರೂ ಚೆನ್ನಾಗಿ ಕೊಬ್ಬಿದ್ವು, ಮೂರೂ ಅವಳ ಕಣ್ಣೆದುರೇ ಲಾರಿ ಹತ್ತಿದ್ವು. ಇವನಿಗೆ ಎಷ್ಟು ತಿನ್ನಿಸಿದ್ರೂ ಮೈ ಹತ್ತಲಿಲ್ಲ. ಗೋಡೆ ಆಚೆ ಬರೀ ಹುಲ್ಲು ತಿಂದ್ಕೊಂಡು ಅವಳು ಊದ್ತಾ ಹೋದ್ಳು."

ಕಿಯೊಮಿಗೆ ಭಯವಾಯಿತು. ಕೊಬ್ಬಿದ್ದನ್ನೇ ಒಯ್ಯುತ್ತಾರೆ ಎಂದು ಒಂದು ಹಸು ಲೆಕ್ಕ ಹಾಕೀತೇ? ಹಾಕಿದರೂ, ಗೋಡೆಯಾಚೆಯಿಂದ ಕೊಬ್ಬನ್ನು ಎಳೆದುಕೊಂಡೀತೇ?

"ಗೊತ್ತಿದ್ದೂ ಯಾಕೆ ಕಳಿಸಿದ್ರಿ?"

"ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ನಂದು ಹಟ. ಅವಳು ಅಳು ನಿಲ್ಲಿಸ್ಲಿಲ್ಲ ಅಂತ ಅವಳನ್ನೂ ಹತ್ತಿಸ್ದೆ."

ಕಿಯೊಮಿ ಒಳಗೆ ಹೋಗಿ ಕಂಡದ್ದನ್ನೇ ಬರೆದಳು: ಹೋರಿ ಅಪ್ಪಟ ಕರಿ ತಳಿ, ದರ್ಜೆ ಒಂದು, ಅಂದರೆ ಕಡೆಯದು. ಹಸು ಹಾಲಿನ ತಳಿ, ದರ್ಜೆ ಐದು. ಇಪ್ಪತ್ತೇಳು ವರ್ಷದ ಹೆಸರು ಕೆಟ್ಟರೆ ಕೆಡಲಿ ಎಂದು ಕೆಳಗೆ ಸಹಿ ಹಾಕಿದಳು. ಚೀಟಿ ಕೊಡಲು ಬಂದಾಗ ಶಿಗೆನೊಬು ಆಳವಾಗಿ ತಲೆ ಬಾಗಿಸಿದ.

"ಆ ಹಸೂದು ಬೇರೆ ಕರು ಏನಾದ್ರೂ ಇದೆಯಾ, ಅಜ್ಜ?"

"ಒಂದಿದೆ, ಹೆಣ್ಣು. ಆರು ತಿಂಗಳಾದ್ರೂ ಪಕ್ಕೆಲುಬು ಎಣಿಸೋ ಹಾಗಿತ್ತು." ಶಿಗೆನೊಬು ತಲೆ ಎತ್ತಲಿಲ್ಲ. "ಮೊನ್ನೆ ಅದರ ತಾಯಿನ ಕಳಿಸಿದೆನಲ್ಲ. ಇವತ್ತು ಬೆಳಿಗ್ಗೆ ನೋಡಿದ್ರೆ ಒಂದು ಎಲುಬೂ ಕಾಣಿಸ್ತಿಲ್ಲ."