ಕಾಶಿಬಾಯಿಯ ಪಡಸಾಲೆ

ದೇವಣಗಾಂವದ ಸಿದ್ದರಾಯ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಇಂಡಿ ಪಟ್ಟಣದ ವಕೀಲರೊಬ್ಬರ ಮನೆಯಲ್ಲಿ ಮುಖ ಕಾಣುವಷ್ಟು ಉಜ್ಜಿದ ಪರಸಿಕಲ್ಲಿನ ನೆಲ ನೋಡಿ ಬಂದ ಮೇಲೆ, ತನ್ನ ಹೆಂಡತಿ ಕಾಶಿಬಾಯಿಯೂ ಅಂಥದರ ಮೇಲೆಯೇ ಓಡಾಡಬೇಕು ಎಂದು ಹಟ ಹಿಡಿದ. ಹಟದಲ್ಲಿ ಪ್ರೀತಿಯೇ ಹೆಚ್ಚಿತ್ತು. ಎರಡು ವರ್ಷದ ಹಿಂದೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆಯ ಎಡಗಾಲು ಸೊಟ್ಟಾಗಿತ್ತು. ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸುವಾಗ ಆಕೆ ನರಳುವುದನ್ನು ಅವನಿಂದ ಕೇಳಲಾಗುತ್ತಿರಲಿಲ್ಲ.

ಎಪ್ಪತ್ತೇಳರ ಬೇಸಿಗೆಯಲ್ಲಿ ಆಕೆ ತಂಗಿಯ ಬಾಣಂತನಕ್ಕೆಂದು ಹೂವಿನ ಹಿಪ್ಪರಗಿಗೆ ಹೋದದ್ದೇ ತಡ, ಇವನು ಮುದ್ದೇಬಿಹಾಳದ ಕಡೆಗೆ ಹೊರಟ. ಕಲ್ಲಿನ ವ್ಯಾಪಾರಿ ಎರಡು ಬಗೆ ತೋರಿಸಿದ. ಒಂದು ಗಣಿಯಿಂದ ಎದ್ದ ಹಾಗೇ ಇದ್ದ ಒರಟು ಕಲ್ಲು, ಇನ್ನೊಂದು ಉಜ್ಜಿ ಮಿಂಚಿಸಿದ್ದು.

“ಮನ್ಯಾಗ ನೀರು ಚೆಲ್ತಾವು. ಒರಟಂದ ಒಯ್ಯಿರಿ, ಕಾಲು ಹಿಡೀತೈತಿ.”

“ಒರಟು ಕಲ್ಲು ದನಕ್ಕ ಹಾಸ್ತೇನಿ. ನಮ್ಮ ಮನಿಯಾಕಿಗೆ ಮಿಂಚೋದ ಬೇಕು,” ಎಂದ ಸಿದ್ದರಾಯ.

ತಿಂಗಳ ಮೇಲೆ ಬಂದ ಕಾಶಿಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಾಳಿಗೆಯ ತೊಲೆಗಳೆಲ್ಲ ಪಡಸಾಲೆಯ ಹೊಸ ನೆಲದೊಳಗೆ ಕಾಣುತ್ತಿದ್ದವು. “ಬಾಳ ಚಂದ ಆಗೇತ್ರಿ,” ಎಂದಳು. ಸಿದ್ದರಾಯ ಆ ಒಂದು ಮಾತನ್ನು ಊರೆಲ್ಲ ಡಂಗುರ ಸಾರಿದ.

ಆದರೆ ಮುಂಜಾನೆ ಮುಂದಿನ ಕಟ್ಟೆಯ ಮೇಲೆ ಕೂತವನಿಗೆ ಪಡಸಾಲೆಯಿಂದ ಬರುತ್ತಿದ್ದ ಚಹಾ ಈಗ ಹಿತ್ತಲಿನಿಂದ, ದನದ ಕೊಟ್ಟಿಗೆಯ ಸುತ್ತು ಹಾಕಿ, ಆರಿ ತಣ್ಣಗಾಗಿ ಬರತೊಡಗಿತು. ಯಾಕೆ ಎಂದರೆ, “ಎಮ್ಮಿ ನೋಡ್ಕೋತ ಬಂದೇನ್ರಿ,” ಎನ್ನುತ್ತಿದ್ದಳು. ಲೋಟ ಇಟ್ಟವಳು ನಿಲ್ಲುತ್ತಲೂ ಇರಲಿಲ್ಲ. ಇಷ್ಟು ಮಾಡಿದರೂ ಇವಳಿಗೆ ಮುನಿಸೇ ಎಂದು ಸಿದ್ದರಾಯನೂ ಮೂರು ವಾರ ಮೋರೆ ಊದಿಸಿಕೊಂಡ. ಗಂಡಸರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಒಂದು ಸಂಜೆ ಹಗ್ಗ ಮರೆತು ಹೊಲದಿಂದ ಬೇಗ ತಿರುಗಿ ಬಂದ. ಬಾಗಿಲಲ್ಲಿ ಅವನ ಕಾಲು ನಿಂತವು. ಕಾಶಿಬಾಯಿ ಪಡಸಾಲೆಯ ನಡುವೆ ಕುಂಡೆ ಊರಿ ಕೂತಿದ್ದಳು. ಎಣ್ಣೆಯ ಗಿಂಡಿಯನ್ನು ಮುಂದೆ ದೂಡುತ್ತ, ಎರಡೂ ಅಂಗೈ ಊರಿ, ಗೇಣು ಗೇಣಾಗಿ ದೇವರ ಜಗುಲಿಯತ್ತ ಸರಿಯುತ್ತಿದ್ದಳು. ದೀಪ ಹಚ್ಚುವ ಹೊತ್ತಾಗಿತ್ತು.

ಎಂಥ ಕತ್ತೆ ನಾನು ಎಂದುಕೊಂಡ. ಸದ್ದಿಲ್ಲದೆ ಹಿಂದೆ ಸರಿದು ಓಣಿಯ ತುದಿಯವರೆಗೆ ಹೋಗಿ, ಅಲ್ಲಿಂದ ಜೋರಾಗಿ ಕೆಮ್ಮುತ್ತ ಮನೆಗೆ ಬಂದ.

ಮರುದಿನ ದಾವಲಮಲಿಕನನ್ನು ಕರೆತಂದ. ಊರೂರು ತಿರುಗಿ, ಸವೆದು ನುಣುಪಾದ ಬೀಸುಕಲ್ಲುಗಳಿಗೆ ಉಳಿಯಿಂದ ಕಚ್ಚು ಹೊಡೆದುಕೊಡುವ ಮುದುಕ ಅವನು.

“ಬೀಸುಕಲ್ಲು ಎಲ್ಲೈತಿ?”

“ಬೀಸುಕಲ್ಲಲ್ಲ ಮಾಮಾ, ಈ ನೆಲಕ್ಕ ಹೊಡಿ.”

“ತಲಿ ನೆಟ್ಟಗೈತೇನೋ? ಕನ್ನಡಿಗೆ ಉಳಿ ಹಾಕು ಅಂತೀಯಲ್ಲ.”

“ಹಾಕು. ಇಕಿ ಕಾಲಿಗೆ ಹಾದಿ ಬೇಕಾಗೇತಿ.”

ಅಡುಗೆಮನೆಯ ಬಾಗಿಲಿಂದ ಕಾಶಿಬಾಯಿ ಅಂದಳು, “ಬ್ಯಾಡ್ರಿ. ಅಷ್ಟು ಆಸೆಪಟ್ಟು ಹಾಕಿಸೀರಿ.”

“ನಿನ್ನ ಸಲವಾಗಿ ಹಾಕಿಸಿದ್ದು. ನೀ ಕುಂತು ಸರಕೋತ ಹೋಗೋದಾದ್ರ ಇದರ ಮಿಂಚು ಯಾರಿಗೆ ಬೇಕು?”

ಅವನು ನೋಡಿದ್ದಾನೆಂದು ಆಕೆಗೆ ಗೊತ್ತಾಯಿತು. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಸಿದ್ದರಾಯನ ಕಣ್ಣೂ ತುಂಬಿದ್ದವು, ಅವನು ಉಳಿಯ ಕಡೆ ನೋಡುತ್ತ ನಿಂತ.

ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಿಂದ ದೇವರ ಜಗುಲಿಯವರೆಗೆ ಮೊಳದಗಲದ ಒರಟು ಹಾದಿ ಬಿದ್ದಿತು. ನೋಡಲು ಬಂದ ನೆರೆಯವರು ಮುಸಿಮುಸಿ ನಕ್ಕರು. ಕಾಶಿಬಾಯಿ ಎಡಗಾಲನ್ನು ಮೆಲ್ಲನೆ ಊರಿದಳು. ಅದು ಜಾರಲಿಲ್ಲ. ಗೋಡೆ ಹಿಡಿಯದೆ ಜಗುಲಿಯ ತನಕ ನಡೆದಳು.

“ಸಾಕಲ್ಲ ತಂಗೆವ್ವಾ? ಉಳಿ ಕಟ್ಲ್ಯಾ?” ಎಂದ ದಾವಲಮಲಿಕ.

“ಇನ್ನೊಂದೀಟ ಹೊಡಿ ಮಾಮಾ. ಹೊರಗಿನ ಕಟ್ಟಿತನಾ. ಇವರು ಕುಂದ್ರೋ ತನಾ.”

ಆ ಓಣಿಯಲ್ಲಿ ಮುಂದಿನ ಕಟ್ಟೆಯ ಮೇಲೆ ಗಂಡನ ಪಕ್ಕ ಕೂತ ಹೆಂಗಸನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಸಿದ್ದರಾಯ ಎದ್ದು ಹೊರಗೆ ಹೋಗಿ, ಕಟ್ಟೆಯ ಮೇಲಿನ ಕಂಬಳಿಯ ಮಡಿಕೆ ಬಿಚ್ಚಿ ಇಬ್ಬರಿಗಾಗುವಷ್ಟು ಅಗಲ ಮಾಡಿ ಹಾಸಿದ.