ಸೋರಿಕೆಯ ಸಮಗ್ರ ಅಧ್ಯಯನ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವರ ಸೂರೂ ಸೋರಲಿ. ಕೆಳಮನೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮನ ಸೂರಂತೂ ಎರಡು ತಿಂಗಳಿಂದ ಸೋರುತ್ತಲೇ ಇತ್ತು, ಅದೂ ಸರಿಯಾಗಿ ಹೊಲಿಗೆ ಮಿಷನ್ನಿನ ನೆತ್ತಿಗೆ. ಸರಿಸೋಣವೆಂದರೆ ಇದ್ದದ್ದು ಒಂದೇ ಕಿಟಕಿ, ಒಂದೇ ಪ್ಲಗ್ಗು. ಸೋಮವಾರದೊಳಗೆ ಶಾಲೆಯೊಂದಕ್ಕೆ ನಲವತ್ತು ಬಿಳಿ ಅಂಗಿ ಕೊಡಬೇಕಿತ್ತು. ಆಗಲೇ ಮೂರರ ಮೇಲೆ ಕಂದು ಚುಕ್ಕೆ.

ಮಹಡಿಯಲ್ಲಿದ್ದ ಮನೆ ಮಾಲೀಕರು ಜಿಪುಣರೇನಲ್ಲ, ಅಧ್ಯಯನಶೀಲರು. ಪ್ರತಿ ಭಾನುವಾರ ಕೆಳಗಿಳಿದು ಬಂದು, ಏಣಿ ಹತ್ತಿ, ಚಾವಣಿಯ ಕಲೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುವರು. ಎಂಟು ಗೆರೆಗಳಾಗಿ ಚಾವಣಿ ಭೂಪಟವಾಗಿತ್ತು. ಮೊಬೈಲಿನಲ್ಲಿ ಸೋರಿಕೆಯ ವಿಡಿಯೊ ನೋಡಿ ನೋಡಿ ಅವರ ಕಣ್ಣಿಗೆ ಕನ್ನಡಕ ಬಂತೇ ಹೊರತು ಮನೆಗೆ ಪ್ಲಂಬರ್ ಬರಲಿಲ್ಲ.

“ಯಾರನ್ನಾದ್ರೂ ಕರೆಸಿ ಸಾರ್” ಎಂದರೆ, ಎರಡು ಸಲ ಕೆಮ್ಮಿ ಮೂಗಿನಲ್ಲೇ ರಾಗ ಎಳೆಯುವರು: “ಅವಸರ ಮಾಡ್ಬಾರ್ದಮ್ಮಾ. ಮೊದಲು ಅಧ್ಯಯನ, ಆಮೇಲೆ ತೀರ್ಮಾನ. ಹನಿ ಗುಂಡಗಿದ್ಯೋ, ಉದ್ದಗಿದ್ಯೋ?”

ಶನಿವಾರ ಬೆಳಿಗ್ಗೆ ನಾಲ್ಕನೆಯ ಅಂಗಿಯೂ ಕಲೆಯಾದಾಗ ಟೈಲರಮ್ಮ ದಡದಡ ಮಹಡಿ ಹತ್ತಿದಳು.

“ಸ್ನಾನ ಮಾಡ್ತಿದ್ದಾರೆ ಕಣಮ್ಮ” ಎಂದರು ಮಾಲೀಕರ ಹೆಂಡತಿ. ಬಚ್ಚಲಿನ ಬಾಗಿಲ ಪಕ್ಕದಲ್ಲೇ ನೀರಿನ ವಾಲ್ವು. ಇಬ್ಬರ ಕಣ್ಣೂ ಅದರ ಮೇಲೆ ಬಿದ್ದವು.

“ತಿರುಗ್ಸು. ನಾನು ಕೆಳಗೆ ಹೋಗಿ ಹನಿ ನೋಡ್ತೀನಿ. ಇಲ್ಲಿ ನಾನೇನೂ ನೋಡಿಲ್ಲ” ಎಂದು ಪಿಸುಗುಟ್ಟಿದರು ಹೆಂಡತಿ.

ಟೈಲರಮ್ಮ ತಿರುಗಿಸಿದಳು. ಒಳಗಿಂದ ಕೂಗು: “ಏಯ್, ನೀರು ನಿಂತೋಯ್ತು ಕಣೇ! ಕಣ್ಣೆಲ್ಲಾ ಸೋಪು!”

ಟೈಲರಮ್ಮ ಎರಡು ಸಲ ಕೆಮ್ಮಿದಳು. ಮೂಗಿನಿಂದ ಅವರದೇ ರಾಗ ಹೊರಟಿತು: “ಅವಸರ ಮಾಡ್ಬಾರ್ದು. ನೀರು ಒಮ್ಮೆಲೇ ನಿಂತೋಯ್ತೋ, ಸಣ್ಣಗಾಗಿ ನಿಂತೋಯ್ತೋ?”

“ಯಾರದು? ನನ್ನ ದನೀಲಿ ಮಾತಾಡ್ತಿರೋದು ಯಾರು?”

“ನೊರೆ ಎಲ್ಲೀತನಕ ಇಳಿದಿದೆ? ಕತ್ತಿಗೋ, ಹೊಟ್ಟೆಗೋ? ಸುತ್ತ ಒಂದು ಗೆರೆ ಎಳ್ಕೊಂಡಿರಿ. ಮುಂದಿನ ಭಾನುವಾರ ಬಂದು ನೋಡ್ತೀನಿ.”

ಅಷ್ಟರಲ್ಲಿ ಕೆಳಗಿನಿಂದ ಹೆಂಡತಿಯ ದನಿ: “ರೀ! ಇಲ್ಲಿ ಹನಿ ನಿಂತೋಯ್ತು!”

ಬಚ್ಚಲಿನಿಂದ ಮೆಲ್ಲಗೆ: “ಅಂದ್ರೆ… ನಮ್ಮ ಪೈಪೇನಾ?”

“ನಿಮ್ದೇ ಸಾರ್. ಎಂಟು ವಾರ ಅಧ್ಯಯನ, ಒಂದೇ ತಿರುವಿಗೆ ತೀರ್ಮಾನ.” ಈಗ ಅವಳದೇ ದನಿ. “ಪ್ಲಂಬರ್‌ಗೆ ಫೋನ್ ಮಾಡ್ಲಾ, ಇಲ್ಲಾ ಇನ್ನೊಂದು ವಿಡಿಯೊ ನೋಡ್ತೀರಾ?”

“ಮಾಡು ತಾಯಿ! ಈಗ್ಲೇ ಮಾಡು!”

ಹತ್ತು ನಿಮಿಷದಲ್ಲಿ ಬರುತ್ತೇನೆಂದು ಪ್ಲಂಬರ್ ಹೇಳಿದ ಮೇಲೆಯೇ ವಾಲ್ವು ಒಂದು ಬಕೆಟ್ಟಿನಷ್ಟು ನೀರಿಗೆ ಬಾಯಿ ಬಿಟ್ಟಿತು. ಮೆಟ್ಟಿಲ ಮೇಲೆ ಹೆಂಡತಿ ಸೆರಗು ಬಾಯಿಗೊತ್ತಿ ನಗುತ್ತಿದ್ದರು, ಟೈಲರಮ್ಮ ಗೋಡೆಗೊರಗಿ ನಗುತ್ತಿದ್ದಳು. ಬಚ್ಚಲೊಳಗೆ ಮೊದಲು ಒಂದು ಕೆಮ್ಮು. “ಹೊಟ್ಟೆ ಸುತ್ತ ಗೆರೆ ಎಳ್ಕೊಳ್ಳಿ ಅಂದ್ಳಲ್ಲ!” ಎಂಬ ಉದ್ಗಾರ. ಆಮೇಲೆ ಹೊರಟ ನಗೆ ಎಂಥದ್ದೆಂದರೆ, ಬಾಯಿಗೆ ಹೋದ ನೊರೆಯನ್ನು ಉಗುಳಿ ಉಗುಳಿ ನಕ್ಕ ಆ ಅಬ್ಬರಕ್ಕೆ ಇವರಿಬ್ಬರ ನಗು ಕೇಳಿಸಲೇ ಇಲ್ಲ.