ಬ್ರೇಕಮ್ಮನ ಮೂರನೇ ಪರೀಕ್ಷೆ

"ಈಗ ಹೊರಡಿ ಅಕ್ಕ," ಎಂದರು ಡ್ರೈವಿಂಗ್ ಮೇಷ್ಟ್ರು, ನಾಲ್ಕನೇ ಸಲ.

ಅಕ್ಕ ಹೊರಡಲಿಲ್ಲ. ನಾಲ್ಕು ರಸ್ತೆ ಕೂಡುವ ಆ ಜಾಗದಲ್ಲಿ ಕಾರು ನಿಂತು ಎರಡು ನಿಮಿಷವಾಗಿತ್ತು. ಮೊದಲು ಒಂದು ಹಾಲಿನ ಲಾರಿಗೆ ದಾರಿ ಬಿಟ್ಟರು. ಅದರ ಬೆನ್ನಿಗೇ ಬಂದ ಸೈಕಲ್ಲಿನವನಿಗೆ ಬಿಟ್ಟರು. ಆಮೇಲೆ ಚೀಲ ಹೊತ್ತ ಇಬ್ಬರು ಹೆಂಗಸರಿಗೆ, ಕೊನೆಗೆ ಯಾವ ಅವಸರವೂ ಇಲ್ಲದ ಒಂದು ನಾಯಿಗೆ. ಎಲ್ಲರಿಗೂ ಸ್ಟಿಯರಿಂಗ್ ಮೇಲಿಂದ ಒಂದು ಕೈ ತೆಗೆದು, ಮನೆಗೆ ಬಂದ ನೆಂಟರನ್ನು ಒಳಗೆ ಕರೆಯುವ ಹಾಗೆ ನಗುನಗುತ್ತಾ ಸನ್ನೆ ಮಾಡುತ್ತಿದ್ದರು. ಹಿಂದೆ ಎಂಟು ಗಾಡಿಗಳು ಸಾಲುಗಟ್ಟಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯುತ್ತಿದ್ದವು.

"ನಾಯಿಗೂ ದಾರಿ ಬಿಡ್ಬೇಕಾ ಅಕ್ಕ?"

"ಪಾಪ, ಅದು ನಮಗಿಂತ ಮೊದಲು ಬಂದಿತ್ತು," ಎಂದರು ಅಕ್ಕ.

ಅಕ್ಕನಿಗೆ ಐವತ್ತೆಂಟು ವರ್ಷ. ಬೂದು ಬಣ್ಣದ ಉಡುಪು ತೊಟ್ಟು ಸನ್ಯಾಸಿನಿಯಾಗಿ ಮೂವತ್ತಾರು ವರ್ಷ ಕಳೆದಿತ್ತು. ಊರಿನ ಅಂಚಿನಲ್ಲಿ ಅವರ ಪಂಗಡದ ಒಂದು ಮನೆ. ಅಲ್ಲಿ ಮೂವರು ಸನ್ಯಾಸಿನಿಯರು ಸೇರಿ ಹನ್ನೊಂದು ಮಂದಿ ಅಜ್ಜಿಯರನ್ನು ನೋಡಿಕೊಳ್ಳುತ್ತಿದ್ದರು. ವಾರಕ್ಕೆ ಎರಡು ಸಲ ಅಜ್ಜಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ವ್ಯಾನಿನ ಡ್ರೈವರಿಗೆ ಕಣ್ಣು ಮಂಜಾಗಿ ಆತ ಕೆಲಸ ಬಿಟ್ಟಿದ್ದ. ತಿಂಗಳ ಕೊನೆಯೊಳಗೆ ಆ ಮನೆಯಲ್ಲಿ ಯಾರಿಗಾದರೂ ಲೈಸೆನ್ಸ್ ಸಿಗದಿದ್ದರೆ ವ್ಯಾನನ್ನು ಬೇರೆ ಊರಿನ ಮನೆಗೆ ಕಳಿಸಿಬಿಡಿ ಎಂದು ಮೇಲಿನವರಿಂದ ಕಾಗದ ಬಂದಿತ್ತು. ಮನೆಯ ಹಿರಿಯ ಸನ್ಯಾಸಿನಿ ದೊಡ್ಡಕ್ಕನಿಗೆ ಎಪ್ಪತ್ತು ದಾಟಿತ್ತು, ಇನ್ನೊಬ್ಬರಿಗೆ ಕೈ ನಡುಗುತ್ತಿತ್ತು. ಉಳಿದವರು ಈ ಅಕ್ಕ ಒಬ್ಬರೇ.

ಕ್ಲಚ್ಚು, ಗೇರು, ತಿರುವು, ಹಿಂದಕ್ಕೆ ತೆಗೆಯುವುದು ಎಲ್ಲ ಅಕ್ಕನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದರು, ಎರಡು ಸಲವೂ ಇದೇ ಕೂಡುರಸ್ತೆಯಲ್ಲಿ. ಇನ್‌ಸ್ಪೆಕ್ಟರು ಎರಡು ಸಲವೂ ಒಂದೇ ಷರಾ ಬರೆದಿದ್ದರು: ತಮ್ಮ ಸರದಿ ಬಂದರೂ ಹೊರಡುವುದಿಲ್ಲ. ಮೂರನೇ ಪರೀಕ್ಷೆ ಮುಂದಿನ ಗುರುವಾರ. ಅದರಲ್ಲೂ ಹೋದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ವ್ಯಾನು ಹೋಗಿರುತ್ತದೆ.

ಮೇಷ್ಟ್ರು ಮನೆಯಲ್ಲಿ ಹೆಂಡತಿಯ ಮುಂದೆ ಅಕ್ಕನನ್ನು ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಅವರಿಗೆ ದೇವರ ಜನ ಎಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಇದಕ್ಕೆ ಕಾರಣ ಅವರ ಮಾವ. ಮಗಳ ಮನೆಗೆ ಬಂದಾಗಲೆಲ್ಲ ಮಾವ ಊಟಕ್ಕೆ ಮೊದಲು ಗಟ್ಟಿಯಾಗಿ ಪ್ರಾರ್ಥನೆ ಮಾಡುವರು. ರೋಗಿಗಳು, ಬಡವರು, ಅನಾಥರು ಎಲ್ಲ ಮುಗಿದ ಮೇಲೆ ಕೊನೆಗೆ "ಈ ಮನೆಯಲ್ಲಿರುವ ದಾರಿ ತಪ್ಪಿದ ಜೀವಕ್ಕೂ" ಎನ್ನುವರು. ಆ ಮನೆಯಲ್ಲಿ ಇದ್ದ ಜೀವಗಳು ಎರಡೇ, ಅದರಲ್ಲಿ ಒಂದು ಅವರ ಸ್ವಂತ ಮಗಳು. ಅರ್ಧ ಊರಿಗೆ ರಸ್ತೆಯ ನಿಯಮ ಕಲಿಸಿದ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಈ ಮಾತು ಕೇಳಿಸಿಕೊಂಡು ತುಟಿಪಿಟಕ್ ಎನ್ನದೆ ಊಟ ಮಾಡಿದ್ದರು. ಕ್ರಮೇಣ ಅವರದೇ ಒಂದು ಸಿದ್ಧಾಂತವೂ ಬೆಳೆದಿತ್ತು: ಭಕ್ತರು ಗಾಡಿ ಓಡಿಸುವಾಗ ಕನ್ನಡಿ ನೋಡುವುದಿಲ್ಲ, ತಮ್ಮ ಹಿಂದೆಯೂ ಜನ ಇದ್ದಾರೆಂಬುದು ಅವರಿಗೆ ಗೊತ್ತಿರುವುದಿಲ್ಲ.

ನಾಯಿ ರಸ್ತೆ ದಾಟಿದ್ದಾಯಿತು. ಈಗ ಅಕ್ಕ ಒಬ್ಬ ಮುದುಕನಿಗೆ ಸನ್ನೆ ಮಾಡತೊಡಗಿದರು. ಆತ ರಸ್ತೆ ದಾಟಲು ನಿಂತವನೇ ಅಲ್ಲ, ಸುಮ್ಮನೆ ಬಿಸಿಲು ಕಾಯಿಸುತ್ತಿದ್ದವನು. ಮೇಷ್ಟ್ರ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅಕ್ಕ, ಹಿಂದೆ ಎಂಟು ಗಾಡಿ ನಿಂತಿವೆ. ನೀವು ಒಳ್ಳೆಯವರು ಅನ್ನಿಸ್ಕೊಳ್ಳೋಕೆ ಅವರೆಲ್ಲ ಯಾಕೆ ಕಾಯ್ಬೇಕು? ಇದು ವಿನಯ ಅಲ್ಲ. ಇದೂ ಒಂಥರಾ ಜಂಬಾನೇ."

ಅಕ್ಕನ ಕೈ ಹಾಗೇ ಕೆಳಗಿಳಿಯಿತು. ಅವರು ಕನ್ನಡಿಯ ಕಡೆ ಕಣ್ಣೆತ್ತಿ ಸ್ವಲ್ಪ ಹೊತ್ತು ನೋಡಿದರು.

"ಅವರು ನನಗೆ ಕಾಣಿಸ್ಲೇ ಇಲ್ಲ ಮೇಷ್ಟ್ರೇ," ಎಂದರು. "ಮುಂದೆ ಇರೋರನ್ನೇ ನೋಡ್ತಾ ಇದ್ದೆ."

ಆಮೇಲೆ ಕಾರನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿ, ಇವತ್ತಿಗೆ ಸಾಕು ಎಂದು ಇಳಿದು ನಡೆದುಕೊಂಡೇ ಹೋಗಿಬಿಟ್ಟರು. ದೇವರ ಜನರಲ್ಲಿ ಒಬ್ಬರ ಬಾಯನ್ನಾದರೂ ಮುಚ್ಚಿಸಬೇಕು ಎಂಬ ಮೇಷ್ಟ್ರ ಇಪ್ಪತ್ತೆರಡು ವರ್ಷದ ಆಸೆ ಕೈಗೂಡಿತ್ತು. ಆದರೆ ಅದರಲ್ಲಿ ಎಳ್ಳಷ್ಟೂ ಖುಷಿ ಇರಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ಹೇಳಿದರು. ಆಕೆ ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸದೆಯೇ ಕೇಳಿದರು.

"ನಮ್ಮಪ್ಪನಿಗೆ ಹೇಳೋಕೆ ಧೈರ್ಯ ಸಾಲ್ದೆ ಇರೋದನ್ನೆಲ್ಲ ಆ ಪಾಪದ ಹೆಂಗಸಿಗೆ ಹೇಳಿ ಬಂದ್ರಾ?"



ಮಾರನೆಯ ದಿನ ಮಧ್ಯಾಹ್ನ ಕ್ಷಮೆ ಕೇಳೋಣವೆಂದು ಅವರು ಆ ಮನೆಗೆ ಹೋದರು. ಊಟದ ಹೊತ್ತು. ಊಟದ ಕೋಣೆಯ ಬಾಗಿಲಲ್ಲಿ ಕಂಡ ನೋಟ ನೋಡಿ ಕ್ಷಮೆಯ ಮಾತು ಮರೆತೇಹೋಯಿತು. ಬಾಗಿಲ ಈಚೆ ಅಕ್ಕ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. ಎದುರಿಗೆ ಕೈ ನಡುಗುವ ಸನ್ಯಾಸಿನಿ ನೀರಿನ ಹೂಜಿ ಹಿಡಿದು ನಿಂತಿದ್ದರು. ಇವರು ಒಂದು ಹೆಜ್ಜೆ ಹಿಂದೆ ಸರಿದು ತಲೆಬಾಗಿದರೆ ಅವರೂ ಒಂದು ಹೆಜ್ಜೆ ಹಿಂದೆ ಸರಿದು ತಲೆಬಾಗುವರು. ಅಷ್ಟರಲ್ಲಿ ದೊಡ್ಡಕ್ಕ ಬಂದು ಅವರಿಬ್ಬರ ಪಕ್ಕದಲ್ಲಿ ನಿಂತು, ನೀವೇ ಮೊದಲು ಎಂಬಂತೆ ನಕ್ಕರು. ಹೀಗೆ ಮೂವರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಯಾರೂ ಒಳಗೆ ಹೋಗದೆ ನಿಂತರು. ಕೊನೆಗೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜಿ, ಒಂದು ಕಾಲದಲ್ಲಿ ಟೈಲರಾಗಿದ್ದವರು, ಮೂವರ ನಡುವೆ ಕುರ್ಚಿ ನುಗ್ಗಿಸಿಕೊಂಡು ಬಂದರು.

"ಸರ್ಕೊಳ್ರಮ್ಮಾ ಪಕ್ಕಕ್ಕೆ. ಇಲ್ಲಿ ಜನಕ್ಕೆ ಹೊಟ್ಟೆ ಹಸಿದಿದೆ."

ಅದು ಅವರ ಪಂಗಡದ ನಿಯಮವಂತೆ. ಬಾಗಿಲಲ್ಲಿ, ನಲ್ಲಿಯ ಹತ್ತಿರ, ಊಟದ ಮೇಜಿನಲ್ಲಿ, ಎಲ್ಲೇ ಆಗಲಿ ಎದುರಿಗೆ ಬಂದವರನ್ನು ಮೊದಲು ಹೋಗಲು ಬಿಡಬೇಕು. ಇಪ್ಪತ್ತೆರಡನೇ ವಯಸ್ಸಿನಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ಅಕ್ಕ ಹೇಳಿದರು. ತೋರಿಕೆಗಾಗಿ ಮಾಡುತ್ತಿದ್ದಾರೆಂದುಕೊಂಡಿದ್ದ ಮೇಷ್ಟ್ರಿಗೆ ನಾಚಿಕೆಯಾಯಿತು. ನಿನ್ನೆಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಆ ಮಾತು ನಿಜವೇ ಅನ್ನಿಸಿತು, ರಾತ್ರಿಯೆಲ್ಲ ಯೋಚಿಸಿದೆ ಎಂದರು ಅಕ್ಕ. ಆದರೆ ಕಾಲು ಕೇಳುವುದಿಲ್ಲವಲ್ಲ, ಎದುರಿಗೆ ಯಾರಾದರೂ ಕಂಡರೆ ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ ಎಂದು ಸಪ್ಪಗಾದರು.

ಮೇಷ್ಟ್ರು ಟೈಲರಜ್ಜಿಯ ಕಡೆ ನೋಡಿದರು. ಆಕೆ ಊಟ ಮುಗಿಸಿ ಮತ್ತೆ ಯಾರನ್ನೋ ಪಕ್ಕಕ್ಕೆ ತಳ್ಳಿಕೊಂಡು ಬರುತ್ತಿದ್ದರು. ಅಡುಗೆಮನೆಯ ಮುಂದೆ ಆ ಮನೆಯ ಎರಡು ಉದ್ದದ ಕಾರಿಡಾರುಗಳು ಒಂದನ್ನೊಂದು ಅಡ್ಡ ಹಾಯುತ್ತಿದ್ದವು.

"ದೊಡ್ಡಕ್ಕ, ಒಂದು ಚೂರು ಸೀಮೆಸುಣ್ಣ ಇದ್ರೆ ಕೊಡಿ," ಎಂದರು.

ಅರ್ಧ ಗಂಟೆಯಲ್ಲಿ ಕಾರಿಡಾರಿನ ನೆಲದ ಮೇಲೆ ಬಿಳಿ ಗೆರೆಗಳು ಮೂಡಿದವು. ಮೂರು ಗಾಲಿಕುರ್ಚಿ, ನಾಲ್ಕು ವಾಕರ್, ಎರಡು ಊರುಗೋಲು, ಒಂದು ಊಟದ ಟ್ರಾಲಿ ನಾಲ್ಕೂ ಕಡೆಯಿಂದ ಸಜ್ಜಾದವು. ಅಕ್ಕನ ಕೈಗೆ ಸ್ಟಿಯರಿಂಗ್ ಎಂದು ಒಂದು ಅಗಲದ ತಟ್ಟೆ ಕೊಟ್ಟರು. ಮಂಚ ಬಿಟ್ಟು ಏಳಲಾರದ ಒಬ್ಬ ಅಜ್ಜಿಯನ್ನು ಮಂಚದ ಸಮೇತ ಬಾಗಿಲ ತನಕ ಎಳೆದು ತಂದರು. ಆಕೆ ಒಂದು ಕಾಲದಲ್ಲಿ ಶಾಲೆಯ ಹೆಡ್‌ಮಿಸ್ಸು, ತಪ್ಪು ಒಪ್ಪು ಹೇಳುವ ಕೆಲಸ ತಮಗೇ ಬೇಕೆಂದು ಹಟ ಹಿಡಿದಿದ್ದರು. ಮೇಷ್ಟ್ರು ನಡುವೆ ನಿಂತು ನಿಯಮ ಹೇಳಿದರು. ಯಾರು ಮೊದಲು ಗೆರೆ ಮುಟ್ಟುತ್ತಾರೋ ಅವರದೇ ಸರದಿ, ಸರದಿ ಬಂದವರು ಹೋಗಲೇಬೇಕು.

ಮೊದಲ ದಿನ ಅಕ್ಕ ಎಲ್ಲರಿಗೂ ದಾರಿ ಬಿಟ್ಟರು. ಬಿಟ್ಟಾಗಲೆಲ್ಲ ಹೆಡ್‌ಮಿಸ್ ಅಜ್ಜಿ ಮಂಚದಿಂದಲೇ "ತಪ್ಪು" ಎನ್ನುವರು, ಹತ್ತು ಜನ ಅಜ್ಜಿಯರು ಒಟ್ಟಿಗೆ ಬಾಯಲ್ಲೇ ಹಾರ್ನ್ ಹೊಡೆಯುವರು. ಆರು ತಿಂಗಳಿಂದ ಕೋಣೆ ಬಿಟ್ಟು ಬರದಿದ್ದವರೂ ಅವತ್ತು ವಾಕರ್ ಹಿಡಿದು ಬಂದು ಸಾಲಿನಲ್ಲಿ ನಿಂತಿದ್ದರು. ಟೈಲರಜ್ಜಿಯಂತೂ ತಮ್ಮ ಸರದಿಯಲ್ಲದಿದ್ದರೂ ಮೂರು ಸಲ ಅಡ್ಡ ನುಗ್ಗಿ, ಊಟದ ಟ್ರಾಲಿಗೆ ಗುದ್ದಿ, ತಪ್ಪು ಟ್ರಾಲಿಯದೇ ಎಂದು ವಾದಿಸಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸನ್ಯಾಸಿನಿಯರ ಮನೆಯಲ್ಲಿ ಇಷ್ಟು ಜೋರಾಗಿ ನಗಬಾರದೇನೋ ಎಂದು ತಟ್ಟನೆ ಬಾಯಿ ಮುಚ್ಚಿ ತಿರುಗಿ ನೋಡಿದರೆ, ದೊಡ್ಡಕ್ಕ ಸ್ಟೂಲಿನ ಮೇಲೆ ಕುಳಿತು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೀಗೆ ನಾಲ್ಕು ದಿನ ನಡೆಯಿತು. ಮೇಷ್ಟ್ರು ದಿನಾ ಮಧ್ಯಾಹ್ನ ಬೇರೆ ಪಾಠ ಮುಂದೂಡಿ ಬರತೊಡಗಿದರು. ಬರುವುದಕ್ಕೆ ಅಂಥ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅಲ್ಲಿದ್ದಷ್ಟು ಹೊತ್ತು ಅವರಿಗೆ ತುಂಬ ಸಂತೋಷವಾಗುತ್ತಿತ್ತು, ಅಷ್ಟೇ. ಒಂದು ದಿನ ಗೆರೆ ತಿದ್ದುತ್ತಾ ಕುಳಿತಾಗ ಬಹಳ ದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟರು.

"ನಾನು ಪ್ರಾರ್ಥನೆ ಮಾಡ್ತೀನಾ, ದೇವರನ್ನ ನಂಬ್ತೀನಾ ಅಂತ ನೀವು ಒಂದು ಸಲಾನೂ ಕೇಳ್ಲಿಲ್ವಲ್ಲ ಅಕ್ಕ?"

ಅಕ್ಕ ಸ್ವಲ್ಪ ಯೋಚಿಸಿದರು. "ಕಾರಲ್ಲಿ ಕೂತಾಗಿಂದ ಇಳಿಯೋವರೆಗೂ ಕನ್ನಡಿ ನೋಡಿ, ಕನ್ನಡಿ ನೋಡಿ ಅಂತಿದ್ರಿ. ಪುರುಸೊತ್ತೇ ಸಿಗ್ಲಿಲ್ಲ ಮೇಷ್ಟ್ರೇ."

ನಾಲ್ಕನೇ ದಿನ ಅಕ್ಕ ತಟ್ಟೆ ಹಿಡಿದು ಗೆರೆ ಮುಟ್ಟಿದಾಗ ಎಡಗಡೆಯಿಂದ ಟೈಲರಜ್ಜಿ ಎಂದಿನಂತೆ ಕುರ್ಚಿ ನುಗ್ಗಿಸಿಕೊಂಡು ಬಂದರು. ಅಕ್ಕ ಆಚೆ ನೋಡಿದರು, ಈಚೆ ನೋಡಿದರು, ಹೆಗಲ ಮೇಲಿಂದ ಹಿಂದಕ್ಕೂ ನೋಡಿದರು. ನೋಡಿ, ಮುಂದೆ ನಡೆದೇಬಿಟ್ಟರು. ಟೈಲರಜ್ಜಿ ಎರಡೂ ಕೈಯಲ್ಲಿ ಗಾಲಿ ಹಿಡಿದು ನಿಲ್ಲಿಸಬೇಕಾಯಿತು.

"ನೋಡಿದ್ರಾ, ನನ್ನನ್ನೇ ನಿಲ್ಲಿಸಿಬಿಟ್ಲು," ಎಂದು ಎಲ್ಲರಿಗೂ ಹೇಳಿದರು, ಹೆತ್ತ ಮಗಳು ಬಹುಮಾನ ತಂದಷ್ಟು ಹೆಮ್ಮೆಯಿಂದ.

ಗುರುವಾರ ಬೆಳಿಗ್ಗೆ ಅಕ್ಕ ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಮೇಷ್ಟ್ರಿಗೆ ಕಚೇರಿಯ ಬೆಂಚಿನ ಮೇಲೆ ಕೂರಲಾಗಲಿಲ್ಲ. ಕೂಡುರಸ್ತೆಯ ಹತ್ತಿರದ ಸೈಕಲ್ ಅಂಗಡಿಯ ಮುಂದೆ ಹೋಗಿ ನಿಂತರು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನರನ್ನು ಪರೀಕ್ಷೆಗೆ ಕಳಿಸಿದವರು, ಯಾರ ಪರೀಕ್ಷೆ ನೋಡಲೂ ಹೀಗೆ ಬಂದು ನಿಂತಿರಲಿಲ್ಲ. ಹನ್ನೊಂದು ಅಜ್ಜಿಯರೂ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

ಕಾರು ಬಂತು, ಗೆರೆಯ ಹತ್ತಿರ ನಿಂತಿತು. ಅಕ್ಕನದೇ ಸರದಿ. ಅಷ್ಟರಲ್ಲಿ ಪಕ್ಕದ ರಸ್ತೆಯಿಂದ ಇಟ್ಟಿಗೆ ತುಂಬಿದ ಲಾರಿಯೊಂದು ಬಂದು, ನಿಂತ ಹಾಗೆ ಮಾಡಿ ಮತ್ತೆ ಮೂತಿ ಮುಂದಕ್ಕೆ ಚಾಚಿತು. ಅಕ್ಕನ ಒಂದು ಕೈ ಸ್ಟಿಯರಿಂಗ್ ಬಿಟ್ಟು ಮೇಲೇಳುವುದು ಗಾಜಿನೊಳಗಿಂದ ಕಂಡಿತು. "ಹೋಗಿ ಅಕ್ಕ, ಹೋಗಿ," ಎಂದು ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ಗೊಣಗಿದರು. ಆ ಕೈ ಕನ್ನಡಿಯನ್ನು ಕೂದಲೆಳೆಯಷ್ಟು ಸರಿಪಡಿಸಿ ಮತ್ತೆ ಸ್ಟಿಯರಿಂಗಿಗೆ ಬಂತು. ಕಾರು ಮುಂದೆ ಹೋಯಿತು. ಲಾರಿ ಗಕ್ಕನೆ ನಿಂತಿತು. ಮೇಷ್ಟ್ರು ಸೈಕಲ್ ಅಂಗಡಿಯವನನ್ನು ತಬ್ಬಿಕೊಂಡರು. ಅವನಿಗೆ ಇವರು ಯಾರೆಂದೂ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ಪಾಸ್ ಎಂದು ಬರೆದುಕೊಟ್ಟರು. ಅಕ್ಕ ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಮತ್ತೆ ಬಿಡಿಸಿ ಓದಿದರು. ಆಮೇಲೆ ಲಾರಿಯವನಿಗೆ ಬೇಜಾರಾಯಿತೋ ಏನೋ ಎಂದು ಮನೆ ಸೇರುವ ತನಕ ಪೇಚಾಡಿಕೊಂಡರು.

ಸೋಮವಾರ ಆಸ್ಪತ್ರೆಯ ದಿನ. ಮೊದಲ ಸಲವಲ್ಲವೇ, ಜೊತೆಗಿರುತ್ತೇನೆ ಎಂದು ಮೇಷ್ಟ್ರು ಯಾರೂ ಕರೆಯದಿದ್ದರೂ ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ಆರು ಜನ ಅಜ್ಜಿಯರು ಒಗೆದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಕುಳಿತಿದ್ದರು. ಅಕ್ಕ ಇಂಜಿನ್ ಚಾಲೂ ಮಾಡಿದರು. ಕೂಡಲೇ ವ್ಯಾನಿನಲ್ಲಿ ಮಾತು ನಿಂತಿತು. ಹೊರಡುವ ಮೊದಲು ಅರೆ ನಿಮಿಷ ಪ್ರಾರ್ಥನೆ ಮಾಡುವುದು ಅವರ ವಾಡಿಕೆಯಂತೆ. ಮೇಷ್ಟ್ರು ಪಕ್ಕಕ್ಕೆ ತಿರುಗಿದರೆ, ಅಕ್ಕ ಗೇರಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಮುಚ್ಚಿದ್ದರು.

"ಅಕ್ಕ, ಇಂಜಿನ್ ಓಡ್ತಾ ಇದೆ. ಡ್ರೈವರ್ ಆದವರು ಕಣ್ಣು ಮುಚ್ಚಬಾರ್ದು."

ಅಕ್ಕ ತಕ್ಷಣ ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಹಿಂದಿನ ಸಾಲುಗಳನ್ನು ಒಮ್ಮೆ ನೋಡಿದರು.

"ಹೌದಲ್ಲ," ಎಂದರು. "ಹಾಗಾದ್ರೆ ನನ್ನ ಬದಲಿಗೆ ನೀವು ಮುಚ್ಚಿ ಮೇಷ್ಟ್ರೇ."

ಮೇಷ್ಟ್ರ ನಾಲಿಗೆಯ ತುದಿಗೆ ಒಂದು ಮಾತು ಬಂತು. ಇಪ್ಪತ್ತೆರಡು ವರ್ಷದಿಂದ ಮಸೆದಿಟ್ಟ ಒಳ್ಳೆಯ ಮಾತುಗಳು ಅವರ ಹತ್ತಿರ ಬೇಕಾದಷ್ಟಿದ್ದವು. ಹಿಂದಕ್ಕೆ ತಿರುಗಿ ನೋಡಿದರು. ಆರು ಜನರೂ ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಟೈಲರಜ್ಜಿಗೂ ಅವಸರವಿರಲಿಲ್ಲ.

ಮೇಷ್ಟ್ರು ಮುಂದಕ್ಕೆ ತಿರುಗಿ ನೇರ ಕುಳಿತು ಕಣ್ಣು ಮುಚ್ಚಿದರು. ಏನು ಹೇಳಿಕೊಳ್ಳಬೇಕೋ ಗೊತ್ತಿರಲಿಲ್ಲ. ಇಂಜಿನ್ನಿನ ಸದ್ದು ಕೇಳುತ್ತಿತ್ತು, ಹಿಂದೆ ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹ್ಯಾಂಡ್‌ಬ್ರೇಕ್ ಇಳಿಯಿತು, ಗೇರು ಬಿತ್ತು, ವ್ಯಾನು ಗೇಟಿನ ಇಳಿಜಾರು ಇಳಿದು ರಸ್ತೆಗೆ ಹೊರಳಿತು. ಮುಖದ ಮೇಲೆ ಒಂದು ಬದಿಗೆ ಬಿಸಿಲು ಬಿದ್ದದ್ದು ಅವರಿಗೆ ತಿಳಿಯಿತು. ಇನ್ನು ಸಾಕು, ಕಣ್ಣು ಬಿಡಿ ಎಂದು ಯಾರೂ ಹೇಳಲಿಲ್ಲ.